ಕಂದು ಮೈಯನ್ನು ನೋಡಲು ಕಲಿಸದ ಚರ್ಮರೋಗ ಪಾಠ

ಮಾನ್ಯ ಸಂಪಾದಕರೇ,

ನಮ್ಮ ಆಸ್ಪತ್ರೆಗಳ ಚರ್ಮರೋಗ ವಿಭಾಗಕ್ಕೆ ಬರುವವರು ಬಹುತೇಕ ಕಂದು ಇಲ್ಲವೇ ಕಪ್ಪು ಮೈಬಣ್ಣದವರು. ಅವರನ್ನು ನೋಡುವ ವಿದ್ಯಾರ್ಥಿ ಓದಿಕೊಂಡು ಬಂದಿರುವುದು ಹೆಚ್ಚಾಗಿ ಬಿಳಿಯರ ಚರ್ಮದ ವರ್ಣನೆ. ಚರ್ಮ ದಪ್ಪಗಾಗಿ ಹೊಟ್ಟು ಏಳುವ ಸೋರಿಯಾಸಿಸ್ ಎಂದರೆ ನಸುಗೆಂಪು ಮಚ್ಚೆ, ದಡಾರ ಎಂದರೆ ಕೆಂಪು ಗಂದೆ ಎಂದೇ ಪಾಠ. ಅದೇ ಸೋರಿಯಾಸಿಸ್ ಕಪ್ಪು ಮೈಮೇಲೆ ನೇರಳೆಯಾಗಿಯೋ ಬೂದುಮಿಶ್ರಿತ ಕಂದಾಗಿಯೋ ಕಾಣುತ್ತದೆ. ಒಂದು ಬಣ್ಣದ ಮೈಯನ್ನೇ ಅಳತೆಗೋಲು ಮಾಡಿಕೊಂಡ ವೈದ್ಯಶಾಸ್ತ್ರ ಉಳಿದವರ ರೋಗವನ್ನು ತಪ್ಪಾಗಿ ಅಳೆಯುತ್ತದೆ. ಇದನ್ನು ವರ್ಣಭೇದ ಎಂದೇ ಕರೆಯಬೇಕು.

ಸೋರಿಯಾಸಿಸ್ ತೀವ್ರತೆಯನ್ನು ಅಳೆಯುವ 'ಪಾಸಿ' ಅಂಕವನ್ನೇ ನೋಡಿ. ಕೆಂಪು, ದಪ್ಪ, ಹೊಟ್ಟು ಈ ಮೂರಕ್ಕೂ 0ರಿಂದ 4ರವರೆಗೆ ಅಂಕ ಕೊಟ್ಟು, ರೋಗ ಹರಡಿರುವ ಪ್ರಮಾಣದೊಂದಿಗೆ ಗುಣಿಸುತ್ತಾರೆ. ಕಪ್ಪು ಮೈಯಲ್ಲಿ ಕೆಂಪು ಎದ್ದು ಕಾಣದೆ 3 ಕೊಡಬೇಕಾದ ಕಡೆ 1 ಬೀಳುತ್ತದೆ. ದಪ್ಪಕ್ಕೆ 2, ಹೊಟ್ಟಿಗೆ 2 ಇದ್ದರೆ ಮೊತ್ತ 7ರ ಬದಲು 5. ಮೈಯ ಎಲ್ಲ ಭಾಗಗಳಲ್ಲೂ ಅಂಕ ಇದೇ ಪ್ರಮಾಣದಲ್ಲಿ ಇಳಿದರೆ 12 ಬರಬೇಕಿದ್ದ ಒಟ್ಟು ಅಂಕ ಎಂಟೂವರೆಯ ಆಸುಪಾಸಿಗೆ ಇಳಿಯುತ್ತದೆ. 10 ದಾಟಿದರೆ ಮಾತ್ರೆ, ಇಂಜೆಕ್ಷನ್‌ನತ್ತ ಯೋಚಿಸುವುದು ರೂಢಿ. ಈ ರೋಗಿಯನ್ನು ಮಾತ್ರ ಮುಲಾಮು ಕೊಟ್ಟು ಕಳಿಸುತ್ತಾರೆ.

ಚರ್ಮವನ್ನು ಆರು ಬಗೆಯಾಗಿ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಪಟ್ಟಿ 1975ರಲ್ಲಿ ಹುಟ್ಟಿದ್ದೇ ಬಿಳಿಯರಿಗೆ ಬೆಳಕಿನ ಚಿಕಿತ್ಸೆಯ ಪ್ರಮಾಣ ನಿರ್ಧರಿಸಲು. ಕಂದು, ಕಪ್ಪು ಚರ್ಮಗಳನ್ನು ಆಮೇಲೆ ಸೇರಿಸಲಾಯಿತು. ಅದೇ ವರ್ಷ ಬಂದ ಕ್ಲಿಗ್‌ಮನ್ ಸೂತ್ರದ ಕಥೆ ಇನ್ನೂ ಕಹಿ. ಹೈಡ್ರೋಕ್ವಿನೋನ್, ಟ್ರೆಟಿನಾಯ್ನ್, ಸ್ಟೀರಾಯ್ಡ್ ಮೂರೂ ಸೇರಿದ, ನಮ್ಮಲ್ಲಿ ಬಂಗಿಗೆಂದು ಬರೆದುಕೊಡುವ ಮುಲಾಮಿನ ಮೂಲ ಅದು. ಆಲ್ಬರ್ಟ್ ಕ್ಲಿಗ್‌ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ 1974ರವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಕೈದಿಗಳ ಮೇಲೆ ಪ್ರಯೋಗ ನಡೆಸಿದರು. ಆ ಕೈದಿಗಳಲ್ಲಿ ಬಹುಪಾಲು ಕಪ್ಪು ಜನ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಕ್ಷಮೆ ಕೇಳಿದ್ದು 2021ರಲ್ಲಿ. ಮುಲಾಮಿನ ಪಾಠ ಮಾಡುವ ದಿನ ಈ ಚರಿತ್ರೆಯನ್ನೂ ಹೇಳಬೇಕು.

ನಮ್ಮಲ್ಲಿ ಅದೇ ಮುಲಾಮು 'ಬೆಳ್ಳಗಾಗುವ ಕ್ರೀಮ್' ಆಗಿ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಮದುವೆ ಗೊತ್ತಾದ ಹುಡುಗಿಯರು ತಿಂಗಳುಗಟ್ಟಲೆ ಹಚ್ಚುತ್ತಾರೆ. ಚರ್ಮ ತೆಳ್ಳಗಾಗುತ್ತದೆ, ಮೊಡವೆ ಏಳುತ್ತದೆ, ಮುಖದಲ್ಲಿ ಕೂದಲು ಬೆಳೆಯುತ್ತದೆ, ನಿಲ್ಲಿಸಿದರೆ ಉರಿ. ಹುಳುಕಡ್ಡಿಯ ಮೇಲೆ ಹಚ್ಚಿದರೆ ಗುರುತೇ ಸಿಗದಂತೆ ಹರಡುತ್ತದೆ. ಹಚ್ಚುವ ಸ್ಟೀರಾಯ್ಡ್‌ಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಆದೇಶಿಸಿದೆ. ಔಷಧ ನಿಯಂತ್ರಣ ಇಲಾಖೆ ಅದನ್ನು ಅಂಗಡಿಗಳಲ್ಲಿ ಪಾಲಿಸುವಂತೆ ಮಾಡಬೇಕು. ಅಷ್ಟೇ ಮುಖ್ಯವಾಗಿ, ಬೇರೆ ತೊಂದರೆಗೆ ಬಂದವರಿಗೆ 'ಕಲರ್‌ಗೂ ಏನಾದರೂ ಬರೆದುಕೊಡಲಾ' ಎಂದು ವೈದ್ಯರೇ ಕೇಳುವುದು ನಿಲ್ಲಬೇಕು. ಮೈಬಣ್ಣ ಕಾಯಿಲೆಯಲ್ಲ.

ಕಂದು ಮೈಯನ್ನು ನೋಡುವ ಕ್ರಮ ಕಲಿಸಲು ಹೊಸ ಯಂತ್ರವೇನೂ ಬೇಡ. ರೋಗಿಯನ್ನು ಕಿಟಕಿಯ ಬಳಿ ಹಗಲು ಬೆಳಕಿಗೆ ಕೂರಿಸಿ, ಟ್ಯೂಬ್‌ಲೈಟ್ ನಂಬಬೇಡಿ. ಉಬ್ಬು ತಿಳಿಯಲು ಪಕ್ಕದಿಂದ ಟಾರ್ಚ್ ಬಿಡಿ. ರೋಗವಿಲ್ಲದ ಪಕ್ಕದ ಚರ್ಮದೊಂದಿಗೆ ಹೋಲಿಸಿ, ಬೆರಳುಗಳ ಹಿಂಬದಿಯಿಂದ ಮುಟ್ಟಿ ಬಿಸಿ ನೋಡಿ. ಕಾಲಿನ ಚರ್ಮಕ್ಕೆ ಸೋಂಕು ತಗಲಿದಾಗ ಕೆಂಪು ಕಾಣದೆ ಹೋಗಬಹುದು. ಬಿಸಿ, ಬಾವು, ನೋವು, ಬಿಗಿದು ಹೊಳೆಯುವ ಚರ್ಮ ತಪ್ಪುವುದಿಲ್ಲ. ರಕ್ತಹೀನತೆಗೆ ಕಣ್ಣಿನ ಕೆಳರೆಪ್ಪೆಯ ಒಳಭಾಗ, ಕಾಮಾಲೆಗೆ ಕಣ್ಣಿನ ಬಿಳಿ ಭಾಗ, ಆಮ್ಲಜನಕದ ಕೊರತೆಗೆ ನಾಲಿಗೆ ನೋಡಬೇಕು. ಅಂಗಾಲು, ಉಗುರು ನೋಡದೆ ಪರೀಕ್ಷೆ ಮುಗಿಸಬಾರದು: ಕಪ್ಪು ಮೈಯವರಲ್ಲಿ ಮೆಲನೋಮಾ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಲ್ಲೇ, ಅದೂ ಬಹಳಷ್ಟು ಸಲ ತಡವಾಗಿ.

ಚಿತ್ರಗಳ ಕೊರತೆಯನ್ನು ನಾವೇ ನೀಗಿಸಿಕೊಳ್ಳಬಹುದು. ಲಂಡನ್ನಿನಲ್ಲಿ ಮಲೋನ್ ಮುಕ್ವೆಂಡೆ ಎಂಬ ವೈದ್ಯ ವಿದ್ಯಾರ್ಥಿ ಬೋಧಕರೊಂದಿಗೆ ಸೇರಿ ಕಪ್ಪು, ಕಂದು ಚರ್ಮದ ರೋಗಲಕ್ಷಣಗಳ ಕೈಪಿಡಿಯನ್ನು 2020ರಲ್ಲಿ ಉಚಿತವಾಗಿ ಹೊರತಂದರು. ದಿನವೂ ಇಂಥ ರೋಗಿಗಳನ್ನೇ ನೋಡುವ ನಮ್ಮ ಕಾಲೇಜುಗಳಿಗೆ ಇದು ಇನ್ನೂ ಸುಲಭವಾಗಬೇಕು. ರೋಗಿಗೆ ಕನ್ನಡದಲ್ಲಿ ವಿವರಿಸಿ ಸಹಿ ಪಡೆಯಿರಿ. ಒಂದು ಚಿತ್ರ ದೂರದಿಂದ, ಒಂದು ಹತ್ತಿರದಿಂದ, ಪಕ್ಕದಲ್ಲಿ ಅಳತೆಪಟ್ಟಿ ಮತ್ತು ಬಣ್ಣದ ಕಾರ್ಡ್ ಇರಲಿ. ಫ್ಲ್ಯಾಶ್ ಬೇಡ. ಮೊಬೈಲಿನ ಬ್ಯೂಟಿ ಮೋಡ್ ಕಡ್ಡಾಯವಾಗಿ ಆಫ್ ಮಾಡಿ. ಅದು ಮೈಬಣ್ಣವನ್ನು ತಿಳಿಗೊಳಿಸಿ ಚಿತ್ರವನ್ನೇ ಸುಳ್ಳು ಮಾಡುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಆಫ್ರಿಕಾ ಮೂಲದ ಸಿದ್ದಿ ಜನರೂ ಈ ಸಂಗ್ರಹದಲ್ಲಿರಬೇಕು, ಆದರೆ ಅವರ ಒಪ್ಪಿಗೆಯಿಂದ, ಪ್ರದರ್ಶನದ ವಸ್ತುವಾಗಿ ಅಲ್ಲ. ಆಫ್ರಿಕಾ ಮೂಲದವರಲ್ಲಿ ಗಾಯ ಮಾಗಿದ ಮೇಲೆ ಕೀಲಾಯ್ಡ್, ಅಂದರೆ ಗಾಯದ ಆಚೆಗೂ ಹಬ್ಬುವ ಉಬ್ಬು ಕಲೆ, ಬೆಳೆಯುವುದು ಹೆಚ್ಚು. ಒಂದು ಮಚ್ಚೆ ತೆಗೆಯುವ ಮುನ್ನವೂ ಇದು ನೆನಪಿರಬೇಕು.

ಬೋಧನೆಯ ಒಳಗಿನ ತಾರತಮ್ಯವನ್ನೂ ಮುಚ್ಚಿಡಬಾರದು. ಚರ್ಮರೋಗದ ಸ್ನಾತಕೋತ್ತರ ಸೀಟಿಗೆ ಭಾರೀ ಪೈಪೋಟಿ ಇದೆ. ಸೇರಿದವರ ರ‍್ಯಾಂಕು, ಕೋಟಾ ಕೇಳಿ ಹಂಗಿಸುವುದೂ ಇದೆ. ಲೇಸರ್ ಕೋಣೆ ಯಾರಿಗೆ, ಕಜ್ಜಿ ಮತ್ತು ಕುಷ್ಠದ ಕೆಲಸ ಯಾರಿಗೆ ಎಂಬುದು ಮುಖ್ಯಸ್ಥರ ಬಾಯಿಮಾತಿಗೆ ಬಿಟ್ಟರೆ ಜಾತಿ ಒಳನುಸುಳುತ್ತದೆ. ಪಾಳಿಪಟ್ಟಿಯನ್ನು ಹೆಸರುಸಮೇತ ಪ್ರತಿ ತಿಂಗಳು ಗೋಡೆಗೆ ಅಂಟಿಸಿ, ಯಾರು ಎಷ್ಟು ಬಯಾಪ್ಸಿ, ಎಷ್ಟು ಲೇಸರ್ ಮಾಡಿದರು ಎಂಬ ಲೆಕ್ಕವನ್ನು ಅದರ ಕೆಳಗೇ ಬರೆಯಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮುಂದಿನ ಪರೀಕ್ಷೆಯಿಂದಲೇ ಪ್ರಶ್ನೆಪತ್ರಿಕೆಯ ಚಿತ್ರಗಳನ್ನು ಕಂದು ಚರ್ಮದಿಂದ ಆಯ್ದುಕೊಳ್ಳಲಿ, ಉತ್ತರದಲ್ಲಿ 'ನೇರಳೆ', 'ಬೂದು' ಎಂದು ಬರೆದವರಿಗೆ ಅಂಕ ಕೊಡುವಂತೆ ಮೌಲ್ಯಮಾಪಕರಿಗೆ ಸೂಚಿಸಲಿ.

— ರಾಜ್ಯದ ಕೆಲವು ಚರ್ಮರೋಗ ಬೋಧಕರು