78 ದಿನದ ಲೆಕ್ಕ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಬೆಂಗಳೂರು, ಜುಲೈ 2021

ಕರ್ನಾಟಕ ಸರ್ಕಾರದ ಕಾರ್ಮಿಕ ಸಚಿವರಿಗೆ,

ಮಾನ್ಯರೇ,

ಗಾರ್ಮೆಂಟ್ಸ್ ಕಾರ್ಖಾನೆಯ ಟೈಲರ್ ಒಬ್ಬರಿಗೆ ಮುಂದಿನ ಜನವರಿಯಲ್ಲಿ ಕಾಯಿಲೆ ಬಂದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಹಣ ಸಿಗುತ್ತದೋ ಇಲ್ಲವೋ ಎಂಬುದು ಈಗಿನ ಹಾಜರಿ ಪುಸ್ತಕದಲ್ಲೇ ತೀರ್ಮಾನವಾಗುತ್ತಿದೆ. ತಾವು ಈ ತಿಂಗಳೇ ಕೈಹಾಕಿದರೆ ಅದನ್ನು ಸರಿಪಡಿಸಬಹುದು. ಅದಕ್ಕಾಗಿ ಈ ಪತ್ರ.

ಲೆಕ್ಕ ಹೀಗಿದೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಒಂದು ವಂತಿಗೆ ಅವಧಿ, ಅಂದರೆ ವಿಮೆಗೆ ಹಣ ಕಟ್ಟುವ ಆರು ತಿಂಗಳು. ಅದರ ಫಲ ಸಿಗುವುದು ಮುಂದಿನ ವರ್ಷದ ಜನವರಿ 1ರಿಂದ ಜೂನ್ 30ರ ನಡುವೆ. ವಂತಿಗೆಯ ಆ ಆರು ತಿಂಗಳಲ್ಲಿ ಕನಿಷ್ಠ 78 ದಿನದ ಸಂಬಳದ ಮೇಲೆ ವಂತಿಗೆ ಬಿದ್ದಿದ್ದರೆ ಕಾಯಿಲೆ ಬಿದ್ದಾಗ ಸರಾಸರಿ ದಿನಗೂಲಿಯ ಶೇ 70ರಷ್ಟು ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ದಿನಕ್ಕೆ 350 ರೂಪಾಯಿ ಸಂಬಳ ಎಂದಿಟ್ಟುಕೊಳ್ಳಿ. 14 ದಿನ ಐಸೊಲೇಷನ್‌ನಲ್ಲಿದ್ದವರಿಗೆ ಮೊದಲ ಎರಡು ದಿನ ಬಿಟ್ಟು 12 ದಿನಕ್ಕೆ 2,940 ರೂಪಾಯಿ. 78ರ ಬದಲು 77 ದಿನವಾಗಿದ್ದರೆ ಒಂದು ಪೈಸೆಯೂ ಇಲ್ಲ.

ಕಳೆದ ವರ್ಷದ ಲಾಕ್‌ಡೌನಿನ ಬಹುಪಾಲು ಬಿದ್ದದ್ದು ಇಂಥದೇ ಒಂದು ವಂತಿಗೆ ಅವಧಿಯ ಮೇಲೆ. ಅದರ ಫಲ ಸಿಗಬೇಕಾದ ತಿಂಗಳುಗಳಲ್ಲೇ ಎರಡನೇ ಅಲೆ ಬಂತು. ಕೆಲಸವಿಲ್ಲದೆ ದಿನ ಕಳೆದುಕೊಂಡವರಿಗೆ ಕಾಯಿಲೆಯ ಹೊತ್ತಿನಲ್ಲೂ ಅದೇ ನೆಪದಲ್ಲಿ ಹಣ ತಪ್ಪುವಂತಿತ್ತು. ಇಎಸ್‌ಐ ನಿಗಮ ಫೆಬ್ರುವರಿಯಲ್ಲಿ ಷರತ್ತು ಸಡಿಲಿಸಲು ನಿರ್ಧರಿಸಿತು, ಒಳ್ಳೆಯದೇ ಆಯಿತು. ಆದರೆ ಅದು ಆ ಒಂದು ಅವಧಿಗೆ ಹಚ್ಚಿದ ತೇಪೆ. ಈ ವರ್ಷ ಮೇ 10ರಿಂದ ಜೂನ್ 14ರವರೆಗೆ ಮತ್ತೆ ಲಾಕ್‌ಡೌನ್ ಬಂದು ಬಾಗಿಲು ಹಾಕಿತು. ತೆರೆದ ಮೇಲೂ ಗಾರ್ಮೆಂಟ್ಸ್‌ಗೆ ಶೇ 30ರಷ್ಟು ಜನ ಮಾತ್ರ. ಮಂಡ್ಯ, ಹಾಸನ, ಮೈಸೂರಿನಂಥ 11 ಜಿಲ್ಲೆಗಳಲ್ಲಿ ನಿರ್ಬಂಧ ಇನ್ನೂ ಮುಂದುವರಿಯಿತು. ಆ ಪಾಳಿಯಲ್ಲಿ ಕರೆ ಬಂದವರ ದಿನಗಳು ತುಂಬುತ್ತಿದ್ದವು, ಉಳಿದವರ ಖಾನೆಯಲ್ಲಿ ಸೊನ್ನೆ.

ಆ ಸೊನ್ನೆ ಬೀಳಲೇಬೇಕೆಂದು ಕಾನೂನು ಹೇಳಿಲ್ಲ. 1948ರ ಇಎಸ್‌ಐ ಕಾಯ್ದೆಯಲ್ಲಿ ಸಂಬಳ ಎಂದರೆ ಲೇ-ಆಫ್ (ಕೆಲಸ ಕೊಡಲಾಗದೆ ಮಾಲೀಕರೇ ತಾತ್ಕಾಲಿಕವಾಗಿ ಮನೆಯಲ್ಲಿ ಕೂರಿಸಿದ) ಅವಧಿಗೆ ಕೊಟ್ಟ ಹಣವೂ ಸೇರುತ್ತದೆ. ಕೈಗಾರಿಕಾ ವಿವಾದ ಕಾಯ್ದೆಯ 25ಸಿ ಪ್ರಕಾರ 50 ಅಥವಾ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ ಒಂದು ವರ್ಷ ಸೇವೆ ಮುಗಿಸಿದ ಕಾಯಂ ಕೆಲಸಗಾರರಿಗೆ ಲೇ-ಆಫ್ ದಿನಗಳಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕು. ಆ ಅರ್ಧ ಸಂಬಳದ ಮೇಲೆ ಮಾಲೀಕರ ಶೇ 3.25, ಕಾರ್ಮಿಕರ ಶೇ 0.75 ವಂತಿಗೆ ಕಟ್ಟಿದರೆ ಆ ದಿನಗಳೂ 78ರ ಲೆಕ್ಕಕ್ಕೆ ಬರುತ್ತವೆ. ಹಾಜರಿ ಪುಸ್ತಕದಲ್ಲಿ ಲೇ-ಆಫ್ ಎಂದು ಬರೆಯುವ ಬದಲು ಸಂಬಳರಹಿತ ರಜೆ ಎಂದು ಬರೆದುಬಿಟ್ಟರೆ ಅರ್ಧ ಸಂಬಳವೂ ಹೋಯಿತು, ವಿಮೆಯೂ ಹೋಯಿತು. ಬರೆಯುವವರಿಗೆ ಅದು ಒಂದು ಪದದ ವ್ಯತ್ಯಾಸ ಅಷ್ಟೇ.

ಇನ್ನೊಂದು ಕಡೆಯೂ ಎಡವಟ್ಟಾಗುತ್ತದೆ. ಮಾಲೀಕರು ಪ್ರತಿ ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಪೋರ್ಟಲ್‌ನಲ್ಲಿ ತುಂಬುವಾಗ, ದಿನ ಸೊನ್ನೆಯಿದ್ದರೆ ಕಾರಣ ಆರಿಸಬೇಕು. ರಜೆ, ಕೆಲಸ ಸ್ಥಗಿತ, ಕೆಲಸ ಬಿಟ್ಟಿದ್ದಾರೆ, ಹೀಗೆ ಪಟ್ಟಿಯಿದೆ. ಲಾಕ್‌ಡೌನ್‌ನಲ್ಲಿ ಊರಿಗೆ ಹೋದವರಿಗೆ ‘ಕೆಲಸ ಬಿಟ್ಟಿದ್ದಾರೆ’ ಎಂದು ಆರಿಸಿದರೆ ಕಡತದ ಪ್ರಕಾರ ಅವರು ಉದ್ಯೋಗದಲ್ಲೇ ಇಲ್ಲ. ನಿಗಮ ಜೂನ್‌ನಲ್ಲಿ ಜಾರಿಗೆ ತಂದ ಕೋವಿಡ್ ಪರಿಹಾರ ಯೋಜನೆಯಲ್ಲಿ ಇದೇ ಮುಳುವಾಗುತ್ತದೆ. ಮೃತರ ಅವಲಂಬಿತರಿಗೆ ಸರಾಸರಿ ಸಂಬಳದ ಶೇ 90, ಕನಿಷ್ಠ ತಿಂಗಳಿಗೆ 1,800 ರೂಪಾಯಿ ಕೊಡುವ ಯೋಜನೆ ಅದು. ಅದಕ್ಕೆ ಮೂರು ಷರತ್ತು: ಸೋಂಕು ಪತ್ತೆಯಾಗುವ ಮೂರು ತಿಂಗಳ ಮೊದಲೇ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು, ಪತ್ತೆಯಾದ ದಿನ ಉದ್ಯೋಗದಲ್ಲಿರಬೇಕು, ಹಿಂದಿನ ಒಂದು ವರ್ಷದಲ್ಲಿ 70 ದಿನದ ವಂತಿಗೆ ‘ಕಟ್ಟಿರಬೇಕು ಅಥವಾ ಕಟ್ಟಬೇಕಾಗಿರಬೇಕು’. ಕೊನೆಯ ಎರಡು ಪದಗಳನ್ನು ಬ್ರಾಂಚ್ ಆಫೀಸುಗಳು ಓದಬೇಕು. ಮಾಲೀಕರು ಬಾಕಿ ಇಟ್ಟಿದ್ದರೆ ಅದು ವಿಧವೆಯ ತಪ್ಪಲ್ಲ.

ಆದ್ದರಿಂದ ಮೊದಲ ಕೆಲಸ: ಈ ವರ್ಷದ ಮುಚ್ಚಿದ ದಿನಗಳನ್ನು ಲೇ-ಆಫ್ ಎಂದೇ ತೋರಿಸಬೇಕೆಂದು ಇಲಾಖೆಯಿಂದ ಸುತ್ತೋಲೆ ಹೊರಡಿಸಿ. ಕಾರ್ಮಿಕ ನಿರೀಕ್ಷಕರು ಹಾಜರಿ ಪುಸ್ತಕ, ಸಂಬಳ ಪಟ್ಟಿ, ಇಎಸ್‌ಐ ಚಲನ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಒಂದನ್ನೇ ನೋಡಿದರೆ ಏನೂ ಸಿಗುವುದಿಲ್ಲ. ಅವಧಿ ಮುಗಿದ 42 ದಿನದೊಳಗೆ, ಅಂದರೆ ನವೆಂಬರ್ 11ರೊಳಗೆ, ವಂತಿಗೆಯ ರಿಟರ್ನ್ (ಲೆಕ್ಕಪತ್ರ) ಸಲ್ಲಿಕೆಯಾಗಬೇಕು. ದೀಪಾವಳಿ ಕಳೆದ ಮೇಲೆ ಎಚ್ಚೆತ್ತರೆ ಕೈಮೀರಿರುತ್ತದೆ. ಸರ್ಕಾರವೇ ಮುಚ್ಚಿಸಿದ ದಿನಗಳನ್ನು 78ರ ಲೆಕ್ಕದಿಂದ ಹೊರಗಿಡುವ ಶಾಶ್ವತ ನಿಯಮ ಬೇಕೆಂದು ನಿಗಮದಲ್ಲಿರುವ ರಾಜ್ಯದ ಪ್ರತಿನಿಧಿಯೂ ಕೇಳಲಿ.

ಎರಡನೆಯದು ಪೂರ್ತಿ ತಮ್ಮ ಕೈಯಲ್ಲೇ ಇದೆ. ಸಂಬಳ 21,000 ರೂಪಾಯಿ ದಾಟಿದವರಿಗೆ ಇಎಸ್‌ಐ ಇಲ್ಲ. ಅವರಿಗಿರುವುದು 1923ರ ನೌಕರರ ಪರಿಹಾರ ಕಾಯ್ದೆ. ಅದರ ಮೂರನೇ ಅನುಸೂಚಿಯ ಎ ಭಾಗದಲ್ಲಿ ಸೋಂಕು ರೋಗಗಳಿವೆ. ಆಸ್ಪತ್ರೆ ಮತ್ತು ಲ್ಯಾಬ್ ಕೆಲಸದವರಿಗೆ ಅಂಥ ಸೋಂಕು ತಗಲಿದರೆ ಅದು ಕೆಲಸದಿಂದಲೇ ಬಂದದ್ದೆಂದು ಕಾನೂನು ಭಾವಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊಣೆ ಮಾಲೀಕರದು. ‘ಸೋಂಕಿನ ವಿಶೇಷ ಅಪಾಯವಿರುವ ಇತರ ಕೆಲಸ’ ಎಂಬ ಸಾಲೂ ಇದೆ, ಆದರೆ ಚಿತಾಗಾರದ ಸಿಬ್ಬಂದಿ, ಆಂಬುಲೆನ್ಸ್ ಚಾಲಕರು, ಪೌರಕಾರ್ಮಿಕರು ಅದರೊಳಗೆ ಬರುತ್ತಾರೋ ಇಲ್ಲವೋ ಎಂಬ ವಾದದಲ್ಲೇ ವರ್ಷಗಳು ಕಳೆಯುತ್ತವೆ. 3(3)ನೇ ಕಲಮಿನಡಿ ರಾಜ್ಯ ಸರ್ಕಾರ ಮೂರು ತಿಂಗಳ ನೋಟಿಸ್ ಕೊಟ್ಟು ಈ ಕೆಲಸಗಳನ್ನು ಹೆಸರು ಹಿಡಿದು ಸೇರಿಸಬಹುದು. ಸೇರಿಸಿದರೆ ಏನಾಗುತ್ತದೆ ನೋಡಿ. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 15,000, ಅದರ ಅರ್ಧ 7,500. ಅದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು, 30 ವರ್ಷದವರಿಗೆ ಅದು 207.98. ಸಾವಿನ ಪರಿಹಾರ 15,59,850 ರೂಪಾಯಿ. ತಿಂಗಳೊಳಗೆ ಕೊಡದಿದ್ದರೆ ಶೇ 12ರ ಬಡ್ಡಿ.

ಮೂರನೆಯದು ದಾಖಲೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಸೋಂಕು ಕಂಡು, ಆರ್‌ಟಿ-ಪಿಸಿಆರ್ ಆಗುವ ಮೊದಲೇ ತೀರಿಕೊಂಡವರ ಪರಿಹಾರದ ಅರ್ಜಿಗೆ ಪಾಸಿಟಿವ್ ವರದಿ ಎಲ್ಲಿಂದ ಬರಬೇಕು? ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಸರಿಯಾಗಿ ನಮೂದಾಗುವಂತೆ ಸರಳ ಮಾರ್ಗಸೂಚಿ ತರಬೇಕೆಂದು ಸುಪ್ರೀಂ ಕೋರ್ಟ್ ಜೂನ್ 30ರಂದು ಹೇಳಿದೆ. ಆರೋಗ್ಯ ಇಲಾಖೆಯ ಬಿಯು ನಂಬರ್ (ಬೆಂಗಳೂರಿನ ಕೋವಿಡ್ ರೋಗಿಗಳ ಗುರುತಿನ ಸಂಖ್ಯೆ) ಪಟ್ಟಿಯನ್ನು ಇಎಸ್‌ಐನ ಐಪಿ ನಂಬರ್‌ಗಳ (ವಿಮೆದಾರರ ಸಂಖ್ಯೆಗಳ) ಜೊತೆ ತಾಳೆ ಹಾಕಿದರೆ, ಯಾರ ಮನೆಯವರು ಕೋವಿಡ್ ಪರಿಹಾರ ಯೋಜನೆಯ ಸಿಆರ್‌ಎಸ್-1 ಅರ್ಜಿ ಹಾಕಬೇಕಿತ್ತು, ಇನ್ನೂ ಹಾಕಿಲ್ಲ ಎಂಬುದು ಸರ್ಕಾರಕ್ಕೇ ಗೊತ್ತಾಗುತ್ತದೆ. ಅವರ ಮನೆಗೆ ಫಾರಂ ಕಳಿಸುವ ಕೆಲಸವನ್ನು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ ವಹಿಸಿ.

ಇತಿ,
ಕಾರ್ಮಿಕರ ಇಎಸ್‌ಐ ಮತ್ತು ಪರಿಹಾರ ಕ್ಲೇಮುಗಳ ಕೆಲಸದಲ್ಲಿರುವವರು