ಮೊಣಕಾಲು ನೋವಿನ ಶಿಬಿರದಲ್ಲಿ ಫಿಸಿಯೋಥೆರಪಿಸ್ಟ್ ಯಾಕಿಲ್ಲ?

ಮಾನ್ಯರೆ,

ಉಡುಪಿ, ಮಂಗಳೂರು ಕಡೆ ಈಗ ಊರೂರಲ್ಲಿ ಉಚಿತ ಮೊಣಕಾಲು ನೋವು ತಪಾಸಣಾ ಶಿಬಿರಗಳು ನಡೆಯುತ್ತಿವೆ. ಒಳ್ಳೆಯ ಕೆಲಸವೇ. ಆದರೆ ಎಕ್ಸ್‌ರೇ ನೋಡಿ "ಸವೆದು ಹೋಗಿದೆ, ಗಂಟು ಬದಲಿಸಬೇಕು" ಎಂದು ಐದು ನಿಮಿಷದಲ್ಲಿ ಹೇಳಿ ಕಳಿಸಿದರೆ, ಮನೆಗೆ ಬಂದವರು ಹೆದರಿಕೆಯಿಂದಲೇ ತೀರ್ಮಾನ ಮಾಡುತ್ತಾರೆ. ಡಾಕ್ಟರ ಪಕ್ಕದಲ್ಲಿ ವ್ಯಾಯಾಮ ಕಲಿಸಿ ನೋವು ತಗ್ಗಿಸುವ ಒಬ್ಬ ಫಿಸಿಯೋಥೆರಪಿಸ್ಟ್ ಕೂಡ ಕೂರಲಿ ಎಂಬುದು ನನ್ನ ಒತ್ತಾಯ.

ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ನೋವಿಗೂ ಯಾವಾಗಲೂ ತಾಳೆಯಾಗುವುದಿಲ್ಲ. ಗಂಟು ಪೂರ್ತಿ ಸವೆದವರು ಪೇಟೆಗೆ ನಡೆದೇ ಹೋಗಿ ಬರುತ್ತಾರೆ. ಸ್ವಲ್ಪ ಸವೆದವರಿಗೆ ರಾತ್ರಿ ನಿದ್ದೆ ಇರುವುದಿಲ್ಲ. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಮಾಡಿ ನೋವು ತಗ್ಗಿದವರು ಎಷ್ಟೋ ಮಂದಿ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ಇದನ್ನೆಲ್ಲ ಕೆಲವು ತಿಂಗಳು ಸರಿಯಾಗಿ ಮಾಡಿಯೂ ನಿದ್ದೆ, ನಡಿಗೆ ಎರಡೂ ಕೆಟ್ಟಿದ್ದರೆ ಆಗ ಆಪರೇಷನ್ ಮಾತು ಬರಲಿ. ಹಾಗಂತ ಕಾಲು ಸೊಟ್ಟಗಾಗಿ ಗಂಟು ಮಡಚಲಾಗದ ತನಕ ಕಾಯುವುದೂ ಸರಿಯಲ್ಲ.

ಆಪರೇಷನ್ ಮೇಲೆ ನನಗೆ ಸಿಟ್ಟಿಲ್ಲ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ನನ್ನ ಅಕ್ಕ ಎರಡೂ ಕಾಲಿಗೆ ಮಾಡಿಸಿಕೊಂಡು ಈಗ ಕೋಲಿಲ್ಲದೆ ನಡೆಯುತ್ತಾಳೆ. ಹಾಕಿದ ಗಂಟು ಹತ್ತರಲ್ಲಿ ಎಂಟು ಮಂದಿಗೆ 25 ವರ್ಷವೂ ಬಾಳುತ್ತದೆ ಎಂದು ಹೊರದೇಶಗಳ ದಾಖಲೆಗಳು ಹೇಳುತ್ತವೆ. ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಅಂದುಕೊಂಡಷ್ಟು ಸಮಾಧಾನ ಸಿಗುವುದಿಲ್ಲ ಎಂಬುದೂ ವೈದ್ಯರಿಗೆ ಗೊತ್ತು. ಅದನ್ನು ಶಿಬಿರದ ಬ್ಯಾನರಿನಲ್ಲಿ ಯಾರೂ ಹಾಕುವುದಿಲ್ಲ, ಅಲ್ವಾ?

ಅಕ್ಕನಿಗೆ ಮೊದಲೇ ಹೇಳದೆ ಬಿಟ್ಟದ್ದು ಒಂದಿದೆ. ಹೊಸ ಗಂಟಿನಲ್ಲಿ ಚಕ್ಕಳಬಕ್ಕಳ ಹಾಕಿ ಕೂರಬೇಡಿ, ಕುಕ್ಕರುಗಾಲಿನಲ್ಲಿ ಕೂರಬೇಡಿ ಎಂದು ಗೊತ್ತಾದದ್ದು ಮನೆಗೆ ಕಳಿಸುವ ದಿನ. ನಮ್ಮ ಕಡೆ ಬೀಡಿ ಕಟ್ಟುವುದು, ಮಲ್ಲಿಗೆ ಕಟ್ಟುವುದು, ಮೀನು ಮಾರುವುದು ಎಲ್ಲ ಕೆಳಗೆ ಕೂತೇ ನಡೆಯುವ ಕೆಲಸ. ತೋಟದಲ್ಲಿ ಅಡಿಕೆ ಹೆಕ್ಕಲೂ ಬಗ್ಗಲೇಬೇಕು. ಅಕ್ಕ ಈಗ ಕುರ್ಚಿ ಮೇಜು ಇಟ್ಟುಕೊಂಡು ಬೀಡಿ ಕಟ್ಟುತ್ತಾಳೆ, ಮೊದಲಿನಷ್ಟು ಆಗುವುದಿಲ್ಲ. ಮನೆಯ ಕಕ್ಕಸನ್ನೂ ಅವಸರದಲ್ಲಿ ಬದಲಿಸಬೇಕಾಯಿತು. ಆಷಾಢದ ಮಳೆ ಬೇರೆ. ಪಾಚಿ ಹಿಡಿದ ಅಂಗಳದಲ್ಲಿ ವಾಕರ್ ಹಿಡಿದು ಬಚ್ಚಲಿಗೆ ಹೋಗುವುದನ್ನು ನೋಡಿ ನಮ್ಮೆಲ್ಲರ ಜೀವ ಕೈಯಲ್ಲಿತ್ತು. ಇದೇನು ತುರ್ತು ಆಪರೇಷನ್ ಅಲ್ಲ. ಮಳೆಗಾಲ ಕಳೆಯಲಿ, ಸಕ್ಕರೆ ಕಾಯಿಲೆ ಇದ್ದರೆ ಅದು ಹತೋಟಿಗೆ ಬರಲಿ ಎಂದು ಯಾರಾದರೂ ಹೇಳಬಹುದಿತ್ತು. ಸಕ್ಕರೆ ಜಾಸ್ತಿ ಇದ್ದರೆ ಸೋಂಕಿನ ಅಪಾಯವೂ ಜಾಸ್ತಿ.

ದುಡ್ಡಿನ ವಿಷಯ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮೊಣಕಾಲಿಗೆ ಹಾಕುವ ಕೃತಕ ಗಂಟುಗಳ, ಅಂದರೆ ಇಂಪ್ಲಾಂಟ್‌ಗಳ ಬೆಲೆಗೆ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹದ ಇಂಪ್ಲಾಂಟ್‌ಗೆ ಆಗ ನಿಗದಿಯಾದದ್ದು ಜಿಎಸ್‌ಟಿ ಬಿಟ್ಟು 54,720 ರೂಪಾಯಿ. ಅದರ ಬೆಲೆ, ಕಂಪನಿ, ಬ್ಯಾಚ್ ನಂಬರನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಯಬೇಕೆಂದೂ ಹೇಳಿತು. ಆದರೂ ನಮಗೆ ಸಿಗುವುದು "ಪ್ಯಾಕೇಜ್" ಎಂಬ ಒಂದೇ ಮೊತ್ತ. ಮನೆಗೆ ಬಂದ ಮೇಲಿನ ಫಿಸಿಯೋಥೆರಪಿ ಅದರಲ್ಲಿ ಇದೆಯಾ ಇಲ್ಲವಾ ಎಂದು ಕೇಳಿಯೇ ತಿಳಿದುಕೊಳ್ಳಬೇಕು.

ಕಾಲು ಚೆನ್ನಾಗಿ ಮಡಚುವುದೋ ಬಿಡುವುದೋ ಮೊದಲ ಕೆಲವು ವಾರಗಳ ವ್ಯಾಯಾಮದ ಮೇಲೆ ನಿಂತಿದೆ. ಅದು ನೋಯುತ್ತದೆ, ಒಬ್ಬರೇ ಮಾಡುವುದು ಕಷ್ಟ. ಬೈಂದೂರಿನವರು ಮಣಿಪಾಲಕ್ಕೆ, ಬೆಳ್ತಂಗಡಿಯವರು ಮಂಗಳೂರಿಗೆ ಕಾರು ಮಾಡಿಕೊಂಡು ದಿನಾ ಓಡಾಡಲು ಆಗುತ್ತದಾ? ಮಂಗಳೂರಿನಲ್ಲಿ ಫಿಸಿಯೋಥೆರಪಿ ಕಾಲೇಜುಗಳಿಗೆ ಬರವಿಲ್ಲ. ಅಲ್ಲಿನ ಮೇಷ್ಟ್ರುಗಳು, ಕೊನೆಯ ವರ್ಷದ ವಿದ್ಯಾರ್ಥಿಗಳು ವಾರದಲ್ಲಿ ಎರಡು ದಿನ ತಾಲೂಕು ಆಸ್ಪತ್ರೆಗಳಲ್ಲಿ ಕೂರುವ ವ್ಯವಸ್ಥೆಯನ್ನು ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಮಾಡಿಸಬೇಕು.

– ಓರ್ವ ಓದುಗಿ, ಕಟಪಾಡಿ