360 ಎರಡು ಸಲ ಬಂದರೆ ತಪ್ಪೇನು?

ಪುಟ್ಟೀ,

ನೀನು ಮಲಗಿದ ಮೇಲೂ ಮೇಜಿನ ಮೇಲೆ ನಿನ್ನ ಗಣಿತದ ನೋಟ್‌ಬುಕ್ ತೆರೆದೇ ಇತ್ತು. ಮುಚ್ಚಿಡೋಣವೆಂದು ಹೋದವನು ಓದುತ್ತಾ ಕೂತುಬಿಟ್ಟೆ. ಕೊನೆಯ ಲೆಕ್ಕ ತ್ರಿಭುಜ ಪಟ್ಟಕದ್ದು, ಎರಡು ತುದಿಯಲ್ಲೂ ಒಂದೇ ತ್ರಿಭುಜ, ನಡುವೆ ಮೂರು ಆಯತದ ಬದಿಗಳಿರುವ ಆಕೃತಿ. ಪಾದದ ಬಾಹುಗಳು 6, 8, 10 ಸೆಂ.ಮೀ, ಪಟ್ಟಕದ ಉದ್ದ 15 ಸೆಂ.ಮೀ. ಘನಫಲ 360 ಎಂದು ಬರೆದಿದ್ದೀಯ. ಅದರ ಕೆಳಗೆ ಪಾರ್ಶ್ವ ಮೇಲ್ಮೈ ವಿಸ್ತೀರ್ಣ, ಅಂದರೆ ಮೂರು ಬದಿಗಳದ್ದು, ಅದೂ 360. ಆಮೇಲೆ ಎರಡಕ್ಕೂ ಅಡ್ಡಗೆರೆ, ಪಕ್ಕದಲ್ಲೊಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ. ಪೆನ್ಸಿಲ್ ಒತ್ತಿದ ರಭಸಕ್ಕೆ ಹಿಂದಿನ ಪುಟದಲ್ಲೂ ಗುರುತು ಮೂಡಿದೆ.

ಎರಡೂ ಸರಿಯಾಗಿದ್ದವು, ಮಾರಾಯ್ತಿ!

ಎದುರಿಗೆ ಕೂರಿಸಿಕೊಂಡು ಹೇಳಹೊರಟರೆ ನನ್ನ ದನಿ ಏರುತ್ತದೆ, ನಿನ್ನ ಮುಖ ಊದಿಕೊಳ್ಳುತ್ತದೆ. ಅದಕ್ಕೇ ಬರೆದು ಇದೇ ಪುಟದೊಳಗೆ ಇಡುತ್ತಿದ್ದೇನೆ.

ನಿನ್ನನ್ನು ಹೆದರಿಸಿದ್ದು ಈ ತ್ರಿಭುಜದ ಒಂದು ಚೇಷ್ಟೆ. 6ರ ವರ್ಗ 36, 8ರ ವರ್ಗ 64, ಕೂಡಿದರೆ 100, ಅದೇ 10ರ ವರ್ಗ. ಹಾಗಾಗಿ 6 ಮತ್ತು 8ರ ನಡುವೆ ಲಂಬಕೋನವಿದೆ, ವಿಸ್ತೀರ್ಣ 6 × 8ರ ಅರ್ಧ, ಅಂದರೆ 24. ಇನ್ನು ಸುತ್ತಳತೆ 6 + 8 + 10, ಅದೂ 24! ಎರಡನ್ನೂ 15ರಿಂದ ಗುಣಿಸಿದರೆ 360 ಎರಡು ಸಲ ಬರದೆ ಇನ್ನೇನು ಬರುತ್ತದೆ? ಆದರೆ ಮೊದಲ 24 ಚದರ ಸೆಂ.ಮೀ, ಎರಡನೆಯದು ಬರೀ ಸೆಂ.ಮೀ. ಅವೆರಡೂ ಒಂದೇ ಅಲ್ಲ ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ಅದೇ ಪಟ್ಟಕವನ್ನು ಮಿಲಿಮೀಟರಿನಲ್ಲಿ ಅಳೆದು ನೋಡು. ಪಾರ್ಶ್ವ ಮೇಲ್ಮೈ 36,000 ಚದರ ಮಿ.ಮೀ, ಘನಫಲ 3,60,000 ಘನ ಮಿ.ಮೀ. ವಸ್ತು ಅಲ್ಲೇ ಇದೆ, ಸ್ಕೇಲು ಬದಲಾಯಿತು ಅಷ್ಟೆ, ಅಷ್ಟಕ್ಕೇ ಹೋಲಿಕೆ ಮುರಿದುಬಿತ್ತು. ಉತ್ತರದ ಪಕ್ಕದಲ್ಲಿ ಮಾನ ಬರೆಯದಿದ್ದರೆ ಅಂಕ ಕಳೆಯುತ್ತಾರೆಂದು ಗೊಣಗುತ್ತೀಯಲ್ಲ, ಬರೆದಿದ್ದರೆ ಇವತ್ತು ಈ ಅಡ್ಡಗೆರೆ ಎಳೆಯುತ್ತಲೇ ಇರಲಿಲ್ಲ.

15ರಿಂದ ಯಾಕೆ ಗುಣಿಸುತ್ತೇವೆ ಅನ್ನುವುದೂ ನಿನಗೆ ಕಣ್ಣಿಗೆ ಕಟ್ಟಬೇಕು. ಪಟ್ಟಕವನ್ನು ಒಂದೊಂದು ಸೆಂ.ಮೀ ದಪ್ಪದ ಹೋಳುಗಳಾಗಿ ಕತ್ತರಿಸಿದೆ ಅಂದುಕೋ. ಪ್ರತಿ ಹೋಳಿನಲ್ಲೂ 24 ಘನ ಸೆಂ.ಮೀ. ಅಂಥ ಹೋಳು 15. ಅಲ್ಲಿಗೆ ಘನಫಲ ಮುಗಿಯಿತು. ಮೇಲ್ಮೈಗೆ ಬಂದರೆ, ಮೂರು ಬದಿಗಳನ್ನು ಒಂದು ಅಂಚಿನ ಉದ್ದಕ್ಕೂ ಸೀಳಿ ನೆಲಕ್ಕೆ ಹರಡು. ಮೂರು ಆಯತಗಳು ಅಂಟಿಕೊಂಡು ಒಂದೇ ಆಯತವಾಗುತ್ತವೆ, ಉದ್ದ 24, ಅಗಲ 15. ಈ ಎರಡು ಚಿತ್ರಗಳಿದ್ದರೆ ಪಾದ ಪಂಚಭುಜವಾಗಲಿ, ಇನ್ನೊಂದಾಗಲಿ, ಹೊಸ ಸೂತ್ರ ಉರುಹೊಡೆಯುವ ಕೆಲಸವಿಲ್ಲ.

ನಿನ್ನ ವಯಸ್ಸಿನಲ್ಲಿ ನಾನು ಮಾಡಿದ ತಪ್ಪು ಬೇರೆಯದು, ನಿನ್ನದಕ್ಕಿಂತ ದೊಡ್ಡದು. ಇಂಥದೇ ಪಟ್ಟಕವನ್ನು ಪುಸ್ತಕದಲ್ಲಿ ಮಲಗಿಸಿ ಬರೆದಿದ್ದರು. ‘ಪಾದ’ ಅಂದರೆ ಕಾಲಡಿ ಇರುವುದು ತಾನೇ ಎಂದು, ನೆಲಕ್ಕೆ ತಾಗಿದ್ದ 8 × 15ರ ಆಯತವನ್ನೇ ಹಿಡಿದುಕೊಂಡೆ. ಎತ್ತರ 6. ಉತ್ತರ 720. ಬರೋಬ್ಬರಿ ಎರಡರಷ್ಟು! 8, 15, 6ರ ಆಯತಘನವನ್ನು ಕರ್ಣದ ಗುಂಟ ಸೀಳಿದರೆ ಇಂಥ ಎರಡು ಪಟ್ಟಕ ಸಿಗುತ್ತವೆ. ನಾನು ಇಡೀ ಪೆಟ್ಟಿಗೆಯನ್ನೇ ಲೆಕ್ಕ ಹಾಕಿ ಕೂತಿದ್ದೆ. ಪಾದ ಎಂಬ ಪದದ ಮೇಲೆ ನನಗೆ ಆ ಸಿಟ್ಟು ಇನ್ನೂ ಇದೆ. ಪಟ್ಟಕ ನಿಂತಿರಲಿ, ಮಲಗಿರಲಿ, ಎಲ್ಲಿ ಅಡ್ಡ ಕತ್ತರಿಸಿದರೂ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಆಕೃತಿ ಯಾವುದೋ ಅದು ಪಾದ. ಮಲಗಿದ ಪಟ್ಟಕದ ‘ಎತ್ತರ’ವೂ ಅದರ ಜೊತೆಗೇ ಮಲಗಿರುತ್ತದೆ.

ಓರೆ ಪಟ್ಟಕದ, ಅಂದರೆ ಒಂದು ಕಡೆಗೆ ವಾಲಿದ ಪಟ್ಟಕದ ಮಾತು ಮುಂದೆ ಯಾವಾಗಲಾದರೂ ಬರುತ್ತದೆ. ನೋಟ್‌ಬುಕ್‌ಗಳನ್ನು ಒಂದರ ಮೇಲೊಂದು ಪೇರಿಸಿ ಪಕ್ಕಕ್ಕೆ ಮೆಲ್ಲಗೆ ತಳ್ಳು. ರಾಶಿ ವಾಲಿತು, ಹಾಳೆಯೊಂದೂ ಕಡಿಮೆಯಾಗಲಿಲ್ಲ. ಪ್ರತಿ ಎತ್ತರದಲ್ಲೂ ಅಡ್ಡ ಕತ್ತರಿಸಿದಾಗ ಕಾಣುವ ವಿಸ್ತೀರ್ಣ ಸಮವಾಗಿದ್ದರೆ ಘನಫಲವೂ ಸಮ ಎಂಬ ಈ ವಿಚಾರಕ್ಕೆ ಇಟಲಿಯ ಗಣಿತಜ್ಞ ಕವಲಿಯೇರಿಯ ಹೆಸರಿದೆ. ಅವನ ಗ್ರಂಥ ಅಚ್ಚಾದದ್ದು 1635ರಲ್ಲಿ. ಮೇಲ್ಮೈ ಮಾತ್ರ ಹಾಗೆ ಉಳಿಯುವುದಿಲ್ಲ, ವಾಲಿದಷ್ಟೂ ಬದಿಗಳು ಎಳೆದುಕೊಂಡು ಹಿಗ್ಗುತ್ತವೆ.

ಇನ್ನೊಂದು ಆಟ ಹೇಳಲೇ? ಇದು ನನಗೆ ಎಲ್ಲಕ್ಕಿಂತ ಇಷ್ಟ. ಆ 24 × 15ರ ಆಯತವನ್ನು ರಟ್ಟಿನಲ್ಲಿ ಕತ್ತರಿಸಿ ಬೇರೆ ಬೇರೆ ಥರ ಮಡಚು. ನಿನ್ನ ತ್ರಿಭುಜವಾಗಿ ಮಡಚಿದರೆ ಒಳಗೆ 360 ಘನ ಸೆಂ.ಮೀ ಹಿಡಿಸುತ್ತದೆ. 6 ಸೆಂ.ಮೀ ಬಾಹುವಿನ ಚೌಕವಾಗಿಸಿದರೆ 36 × 15, ಅಂದರೆ 540. 4 ಸೆಂ.ಮೀ ಬಾಹುವಿನ ಷಡ್ಭುಜವಾಗಿಸಿದರೆ ಸುಮಾರು 623! ರಟ್ಟು ಅದೇ, ಗೋಡೆ ಅಷ್ಟೇ, ಒಳಗಿನ ಜಾಗ ಮಾತ್ರ ಬೆಳೆಯುತ್ತಾ ಹೋಯಿತು. ಜೇನುಗೂಡಿನ ಕೋಣೆಗಳು ಷಡ್ಭುಜವಾಗಿರುವುದು ನೆನಪಾಯಿತೇ? ಸಮತಲವನ್ನು ಸಮಾನ ವಿಸ್ತೀರ್ಣದ ಕೋಣೆಗಳಾಗಿ ಹಂಚಲು ಅತಿ ಕಡಿಮೆ ಗೋಡೆ ಸಾಲುವುದು ಷಡ್ಭುಜಗಳಲ್ಲೇ ಎಂದು ಶತಮಾನಗಳಿಂದ ಜನ ನಂಬಿದ್ದರು. ಅದು ನಿಜವೆಂದು ಪೂರ್ತಿಯಾಗಿ ಸಾಧಿಸಿ ತೋರಿಸಿದವನು ಗಣಿತಜ್ಞ ಥಾಮಸ್ ಹೇಲ್ಸ್, ಅದೂ 1999ರಲ್ಲಿ. ನಿನಗೆ ಒಂದು ಸಂಜೆ ಗೊಂದಲವಾದರೆ ಅದೇನು ಮಹಾ ಬಿಡು.

ಹಾಂ, ಒಂದು ಕಡೆ ನೀನು ನಿಜವಾಗಿಯೂ ತಪ್ಪಿದ್ದೀಯ. ಪ್ರಶ್ನೆಯಲ್ಲಿ ಕೇಳಿದ್ದು ಪೂರ್ಣ ಮೇಲ್ಮೈ. ಎರಡು ತುದಿಯ ತ್ರಿಭುಜಗಳನ್ನು ಬಿಟ್ಟಿದ್ದೀಯ, ಮುಚ್ಚಳವಿಲ್ಲದ ಕೊಳವೆಯ ಹಾಗೆ. 360ಕ್ಕೆ ಎರಡು 24 ಸೇರಿಸಿ 408 ಚದರ ಸೆಂ.ಮೀ ಆಗಬೇಕು. ಗೆರೆ ಅಳಿಸಬೇಡ, ಪಕ್ಕದಲ್ಲೇ ಬರೆ.

ವಿಸ್ತೀರ್ಣ ಮತ್ತು ಸುತ್ತಳತೆಯ ಸಂಖ್ಯೆ ಒಂದೇ ಆಗುವ, ಪೂರ್ಣಾಂಕ ಬಾಹುಗಳ ಲಂಬಕೋನ ತ್ರಿಭುಜ ಇನ್ನೊಂದೇ ಒಂದು ಇದೆ. ಅದನ್ನು ನಾನು ಹೇಳುವುದಿಲ್ಲ. ಬೆಳಿಗ್ಗೆ ನಾನು ಏಳುವುದರೊಳಗೆ ಹುಡುಕಿದರೆ ಈ ಕಾಗದದ ಹಿಂದೆ ಬರೆದಿಡು.

ನಿನ್ನ ಅಪ್ಪ